ದಮ್ಮು ಹತ್ತಿದವರಿಗೆ ಬೇರೆ ಶ್ವಾಸಕೋಶ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವರು ‘ದಮ್ಮು ಹತ್ತತದ’ ಎನ್ನುತ್ತಾರೆ. ಆ ದಮ್ಮಿನ ಆಳ ತಿಳಿಯಬೇಕಾದರೆ ದೊಡ್ಡಾಸ್ಪತ್ರೆಯ ವರಾಂಡದಲ್ಲಿ ನಡೆಸುವ 6 ನಿಮಿಷದ ನಡಿಗೆ ಪರೀಕ್ಷೆ ನೋಡಬೇಕು. 30 ಮೀಟರ್ ಜಾಗ, ಎರಡೂ ತುದಿಗೆ ಗುರುತು, ಬೆರಳಿಗೆ ಆಕ್ಸಿಮೀಟರ್. ಓಡುವಂತಿಲ್ಲ, ಆದಷ್ಟು ಬಿರುಸಾಗಿ ನಡೆಯಬೇಕು. ಶ್ವಾಸಕೋಶ ನಾರುಗಟ್ಟಿದವರಲ್ಲಿ ಕೂತಾಗ ಶೇ 94 ಇದ್ದ ಆಮ್ಲಜನಕದ ಅಂಕಿ ಕೆಲವೇ ಸುತ್ತಿಗೆ 88ರ ಕೆಳಗೆ ಜಾರುವುದುಂಟು. ಅಲ್ಲಿಗೆ ವೈದ್ಯರು ಶ್ವಾಸಕೋಶ ಕಸಿಯ ಮಾತು ಎತ್ತಲೇಬೇಕು.

ಕಲಬುರಗಿ ಭಾಗದ ಜನಕ್ಕೆ ಆ ಮಾತು ಹೈದರಾಬಾದಿನತ್ತ ಬೊಟ್ಟು ಮಾಡುತ್ತದೆ. ಬೆಂಗಳೂರು 500 ಕಿ.ಮೀ.ಗೂ ಆಚೆ, ಹೈದರಾಬಾದ್ ಸುಮಾರು 220. ಸಿಕಂದರಾಬಾದಿನ ಕಿಮ್ಸ್ ಆಸ್ಪತ್ರೆಯಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಡಾ. ಸಂದೀಪ್ ಅತ್ತಾವರ ಅವರ ತಂಡ ಕೋವಿಡ್ ಬಾಧಿತ ರೋಗಿಯೊಬ್ಬರಿಗೆ ಎರಡೂ ಶ್ವಾಸಕೋಶ ಕಸಿ ಮಾಡಿತು. ದಾನಿಯ ಶ್ವಾಸಕೋಶ ಬಂದದ್ದು ಕೋಲ್ಕತ್ತದಿಂದ, ವಿಮಾನದಲ್ಲಿ! ಮಂಜುಗಡ್ಡೆಯಲ್ಲಿಟ್ಟ ಶ್ವಾಸಕೋಶಕ್ಕೆ ವಾಡಿಕೆಯ ಗಡುವು ಸುಮಾರು 6 ಗಂಟೆ.

ಇಲ್ಲಿಗೆ ಬರಲು ವೈದ್ಯಲೋಕ ಪಟ್ಟ ಪಾಡು ಸಣ್ಣದಲ್ಲ. 1963ರಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಜೇಮ್ಸ್ ಹಾರ್ಡಿ ಮಾಡಿದ ಮೊದಲ ಕಸಿಯ ರೋಗಿ ಬದುಕಿದ್ದು 18 ದಿನ. ಮುಂದಿನ 20 ವರ್ಷಗಳಲ್ಲಿ 40ರಷ್ಟು ಯತ್ನಗಳು ನಡೆದರೂ ಬಹುಕಾಲ ಬಾಳಿದವರು ಯಾರೂ ಇಲ್ಲ. ಸೋಲುತ್ತಿದ್ದುದು ಹೆಚ್ಚಾಗಿ ಶ್ವಾಸನಾಳದ ಹೊಲಿಗೆಯಲ್ಲಿ. ಮೂತ್ರಪಿಂಡ ಕಸಿಯಲ್ಲಿ ಅಂಗವನ್ನು ಪೋಷಿಸುವ ರಕ್ತನಾಳವನ್ನೇ ಜೋಡಿಸುತ್ತಾರೆ. ಇಲ್ಲಿ ಶ್ವಾಸನಾಳದ ಗೋಡೆಗೆ ರಕ್ತ ಉಣಿಸುವ ಸಣ್ಣ ಧಮನಿಗಳನ್ನು ಸಾಮಾನ್ಯವಾಗಿ ಜೋಡಿಸುವುದೇ ಇಲ್ಲ. ರಕ್ತ ಸಾಲದೆ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು.

ಟೊರಾಂಟೊದ ಜೋಯೆಲ್ ಕೂಪರ್ ನಾಯಿಗಳ ಮೇಲೆ ಪ್ರಯೋಗ ಮಾಡಿ ಎರಡು ಸಂಗತಿ ಹಿಡಿದರು. ದೇಹ ಹೊಸ ಅಂಗವನ್ನು ತಳ್ಳಿಹಾಕದಿರಲೆಂದು ಕೊಡುತ್ತಿದ್ದ ಸ್ಟೆರಾಯ್ಡೇ ಗಾಯ ಮಾಯದಂತೆ ತಡೆಯುತ್ತಿತ್ತು. ಎರಡನೆಯದು, ಕರುಳಿನ ಮುಂದೆ ಪರದೆಯಂತೆ ಜೋತುಬಿದ್ದಿರುವ ಕೊಬ್ಬಿನ ಪದರವೊಂದಿದೆ. ಅದರ ತುಂಬ ರಕ್ತನಾಳಗಳು. ಅದನ್ನು ಹೊಟ್ಟೆಯಿಂದ ಎದೆಗೂಡಿಗೆ ಎಳೆದು ಹೊಲಿಗೆಗೆ ಸುತ್ತಿದರೆ ಕೆಲವೇ ದಿನಗಳಲ್ಲಿ ಅದರ ರಕ್ತ ಶ್ವಾಸನಾಳಕ್ಕೆ ಹರಿಯತೊಡಗುತ್ತಿತ್ತು. ಹೊಟ್ಟೆಯ ಕೊಬ್ಬು ಉಸಿರಿನ ಕೊಳವೆಯನ್ನು ಉಳಿಸಿದ ಈ ಕಥೆ ಎಷ್ಟು ಸಲ ಓದಿದರೂ ಹಳತಾಗದು. ಅಂಗ ತಿರಸ್ಕಾರ ತಡೆಯುವ ಸೈಕ್ಲೋಸ್ಪೋರಿನ್ ಔಷಧ ಬಂದ ಮೇಲೆ ಸ್ಟೆರಾಯ್ಡ್ ತಗ್ಗಿಸುವುದೂ ಸಾಧ್ಯವಾಯಿತು. 1983ರ ನವೆಂಬರ್‌ನಲ್ಲಿ ಕೂಪರ್ ತಂಡದಿಂದ ಒಂದು ಶ್ವಾಸಕೋಶ ಪಡೆದ ರೋಗಿ 6 ವರ್ಷ ಮೀರಿ ಬದುಕಿದರು. ಹೊಲಿಗೆಯ ಕೌಶಲ ಸುಧಾರಿಸಿದಂತೆ ಆ ಕೊಬ್ಬಿನ ಸುತ್ತು ಬೇಡವಾಯಿತು.

ದಾನಿಯ ಶ್ವಾಸಕೋಶ ಸಿಗುವುದೇ ಕಷ್ಟ. ಮಿದುಳು ಸತ್ತವರ ಇತರ ಅಂಗಗಳು ಬಳಕೆಗೆ ಒದಗಿದರೂ ಶ್ವಾಸಕೋಶ ಸೋಂಕಿನಿಂದಲೋ ನೀರು ತುಂಬಿಯೋ ಬೇಗ ಕೆಡುತ್ತದೆ. ಅನುಮಾನದ ಶ್ವಾಸಕೋಶವನ್ನು ಗಾಜಿನಂಥ ಗುಮ್ಮಟದೊಳಗಿಟ್ಟು, 37 ಡಿಗ್ರಿ ಬಿಸಿಯಲ್ಲಿ ದ್ರಾವಣ ಹರಿಸಿ, ಉಸಿರಾಡಿಸಿ ಪರೀಕ್ಷಿಸುವ ವಿಧಾನವನ್ನು 2008ರಿಂದ ಟೊರಾಂಟೊ ಬೆಳೆಸಿದೆ.

ಕಸಿ ಮುಗಿದರೆ ಎಲ್ಲವೂ ಸರಿಹೋಯಿತೆಂಬ ಸುದ್ದಿಶೀರ್ಷಿಕೆಗಳನ್ನು ಮಾತ್ರ ನಂಬಬಾರದು. ಜಾಗತಿಕ ದಾಖಲೆಗಳಲ್ಲಿ 6-7 ವರ್ಷ ದಾಟಿ ಬದುಕುವವರು ಅರ್ಧದಷ್ಟು ಮಂದಿ ಮಾತ್ರ. ದೇಹ ಅಂಗವನ್ನು ತಳ್ಳಿಹಾಕದಿರಲು ಮಾತ್ರೆ ಜೀವನಪೂರ್ತಿ. ಶಿಲೀಂಧ್ರದ ಭಯ ಇರುವುದರಿಂದ ತೊಗರಿ ರಾಶಿ ಮಾಡುವ ಕಣದ ಧೂಳಿನಿಂದ ದೂರವಿರಬೇಕು. ಒಕ್ಕಲುತನದ ಮನೆಗೆ ಇದು ಸಣ್ಣ ಷರತ್ತಲ್ಲ.

ಅಂಗಕ್ಕಾಗಿ ಹೆಸರು ನೋಂದಾಯಿಸಲು ಕಸಿ ನಡೆಯುವ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ಷರತ್ತನ್ನು ಕೇಂದ್ರ 2023ರಲ್ಲಿ ಕೈಬಿಟ್ಟಿದ್ದು ಗಡಿ ಜಿಲ್ಲೆಗೆ ನಿಜವಾದ ಉಪಕಾರ. ಆದರೆ ಅಂಗ ಸಿಕ್ಕಿತೆಂಬ ಕರೆ ಯಾವ ಹೊತ್ತಿಗೂ ಬರಬಹುದು, ರೋಗಿ ಆಸ್ಪತ್ರೆಯ ಆಸುಪಾಸಿನಲ್ಲೇ ಬಾಡಿಗೆ ಮನೆ ಹಿಡಿದು ಕಾಯಬೇಕು. ಅದಕ್ಕೂ ಮೊದಲು, ಎಕ್ಸ್‌ರೇಯಲ್ಲಿ ಕಂಡ ಕಲೆಗೆ ಕಫ ಪರೀಕ್ಷೆಯನ್ನೂ ಮಾಡಿಸದೆ ಕ್ಷಯದ ಮಾತ್ರೆ ನುಂಗಿಸಿ ತಿಂಗಳುಗಟ್ಟಲೆ ಕಳೆಯುವುದು ನಿಲ್ಲಬೇಕು. ಆಳಂದ, ಅಫಜಲಪುರ, ಜೇವರ್ಗಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಊದಿಸಿ ನೋಡುವ ಸ್ಪೈರೋಮೀಟರ್ ದಿನವೂ ಬಳಕೆಯಾಗಬೇಕು, ಅನುಮಾನ ಬಂದವರು ನಡೆದು ಹೋಗುವಷ್ಟು ಶಕ್ತಿ ಇರುವಾಗಲೇ ಸಿ.ಟಿ. ಸ್ಕ್ಯಾನ್‌ಗೆ ಕಲಬುರಗಿ ತಲುಪಬೇಕು.