ಬಳೆ ಎಣಿಸಿದರೆ ಮಳೆ ತಿಳಿಯುತ್ತದೆಯೇ?

ಗುರುವಾಯನಕೆರೆಯಿಂದ ತುಸು ದೂರದ ಒಂದು ಸಾಮಿಲ್ಲಿನಲ್ಲಿ ಸಾಗುವಾನಿ ದಿಮ್ಮಿ ಬಿದ್ದಿತ್ತು. ಕೊಯ್ದ ಮುಖಕ್ಕೆ ನೀರು ಚಿಮುಕಿಸಿ ಆಚಾರ್ರು ಬಳೆ ಎಣಿಸುತ್ತಿದ್ದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿದ್ದದ್ದು ಕೂದಲೆಳೆಯಷ್ಟೇ ಸಪೂರ ಬಳೆ. “ಈ ವರ್ಷ ಮಳೆಯೇ ಬರ್ಲಿಲ್ಲ ನೋಡಿ” ಎಂದರು. ಸುತ್ತ ನಿಂತ ನಾವೆಲ್ಲ ತಲೆಯಾಡಿಸಿದೆವು.

ಮಳೆ ಬಾರದೆ ಇದ್ದಿರಲೂಬಹುದು. ಆದರೆ ಸಾಗುವಾನಿಗೆ ಎಲೆ ತಿನ್ನುವ ಒಂದು ಹುಳುವಿನ ಕಾಟವಿದೆ. ಮಳೆ ಹಿಡಿದ ಹೊಸತರಲ್ಲಿ ಚಿಗುರೆಲೆಗಳಿಗೆ ಮುತ್ತಿ ಬರೀ ನರ ಉಳಿಸಿ ಹೋಗುತ್ತದೆ. ಎಲೆಯಿಲ್ಲದ ಮರ ಆ ವರ್ಷ ದಪ್ಪವಾಗುವುದು ಹೇಗೆ? ಪಕ್ಕದ ಮರ ನೆರಳು ಹಾಕಿದರೂ ಬಳೆ ಸಪೂರವಾಗುತ್ತದೆ. ಹಾಗಾಗಿ ಒಂದೇ ಮರದ ಸಾಕ್ಷಿ ಸಾಲದು. ಆ ಪ್ರದೇಶದ ಹತ್ತಾರು ಮರಗಳಲ್ಲಿ ಅದೇ ವರ್ಷದ ಬಳೆ ಸೊರಗಿದ್ದರೆ ಮಾತ್ರ ಹವಾಮಾನದತ್ತ ಬೆರಳು ತೋರಿಸಬಹುದು. ಅಮೆರಿಕದ ಅರಿಜೋನಾದಲ್ಲಿ ಖಗೋಳ ವಿಜ್ಞಾನಿ ಎ. ಇ. ಡಗ್ಲಾಸ್ ಕಳೆದ ಶತಮಾನದ ಆರಂಭದಲ್ಲಿ ಹಿಡಿದ ದಾರಿ ಇದೇ. ಸೂರ್ಯನ ಕಲೆಗಳ ಆವರ್ತವನ್ನು ಮರಗಳಲ್ಲಿ ಹುಡುಕಹೊರಟ ಆತ ಸಪೂರ-ದಪ್ಪ ಬಳೆಗಳ ಸರಣಿಯನ್ನು ಮರದಿಂದ ಮರಕ್ಕೆ ತಾಳೆ ಹಾಕುತ್ತ, 1929ರಲ್ಲಿ ಅಲ್ಲಿನ ಮೂಲನಿವಾಸಿ ಪ್ಯೂಬ್ಲೊ ಜನರ ಹಳೆಯ ಮನೆಗಳ ತೊಲೆಗಳಿಗೆ ಇಸವಿ ಕೊಡುವ ಮಟ್ಟಿಗೆ ಈ ವಿದ್ಯೆಯನ್ನು ಬೆಳೆಸಿದ. ಬಳೆ ನೋಡಲು ಮರ ಕಡಿಯಬೇಕಿಲ್ಲ. ಟೊಳ್ಳು ಬೈರಿಗೆಯಿಂದ ಸುಮಾರು 5 ಮಿಲಿಮೀಟರ್ ದಪ್ಪದ ಕಡ್ಡಿ ತೆಗೆದರೆ ಸಾಕು.

ಬಳೆಯೊಂದಕ್ಕೆ ವರ್ಷವೊಂದು ಎಂಬ ಲೆಕ್ಕವೂ ಗಟ್ಟಿಯಲ್ಲ. ಸಾಗುವಾನಿ ಬೇಸಿಗೆಗೆ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ಎದ್ದಾಗ ಮೊದಲು ದೊಡ್ಡ ದೊಡ್ಡ ರಂಧ್ರಗಳ ಸಾಲು ಕಟ್ಟುತ್ತದೆ. ಕೀಸುಳಿ ಹೊಡೆದ ಮುಖದಲ್ಲಿ ಬರಿಗಣ್ಣಿಗೆ ಕಾಣುವ ಗೆರೆ ಅದೇ. ಆದರೆ ಏಪ್ರಿಲಿನಲ್ಲಿ ಒಂದೆರಡು ಮಳೆ ಸುರಿದು ಮತ್ತೆ ಬಿಸಿಲು ಕಾದರೆ ಮರ ಮೋಸಹೋಗಿ ಸುಳ್ಳು ಬಳೆ ಹಾಕಬಹುದು. ತೀರಾ ಕಷ್ಟದ ವರ್ಷ ಬಳೆಯೇ ಮೂಡದಿರಬಹುದು. ಸದಾ ಹಸಿರಾಗಿರುವ ನಮ್ಮ ಹಲವು ಕಾಡುಮರಗಳಲ್ಲಂತೂ ಎಣಿಸುವಂಥ ಬಳೆಯೇ ಇಲ್ಲ.

ತೋಟದವರು ಅಡಿಕೆ ಮರದ ಮೈಮೇಲಿನ ಬಳೆ ತೋರಿಸಿ ಪ್ರಾಯ ಹೇಳುವುದುಂಟು. ಅದು ಹಾಳೆ ಕಳಚಿ ಬಿದ್ದ ಗಾಯದ ಗುರುತು. ವರ್ಷಕ್ಕೆ ಹಲವು ಹಾಳೆ ಬೀಳುವುದರಿಂದ ಗುರುತೂ ಅಷ್ಟೇ ಹೆಚ್ಚು. ಅಡಿಕೆ, ತೆಂಗು, ಬೈನೆ ಯಾವುದಕ್ಕೂ ಮರವನ್ನು ವರ್ಷವರ್ಷ ದಪ್ಪ ಮಾಡುವ ಕ್ಯಾಂಬಿಯಂ ಪದರ ಇಲ್ಲ. ಕಡಿದು ನೋಡಿ, ಒಳಗೆ ನಾರಿನ ಚುಕ್ಕೆಗಳಷ್ಟೇ.

ಉತ್ತರದ ಚಳಿನಾಡಿನಲ್ಲಿ ಕತೆ ಬೇರೆ. ಫಿನ್ಲೆಂಡಿನ ಲ್ಯಾಪ್‌ಲ್ಯಾಂಡಿನ ಪೈನ್ ಮರಕ್ಕೆ ಬೆಳೆಯಲು ಸಿಗುವುದು ಎರಡು ಮೂರು ತಿಂಗಳು. ನೀರಿಗೆ ಅಲ್ಲಿ ಕೊರತೆ ಕಡಿಮೆ, ಕೊರತೆಯೆಲ್ಲ ಬಿಸುಪಿನದು. ಅಲ್ಲಿ ದಪ್ಪ ಬಳೆಯೆಂದರೆ ಬೆಚ್ಚಗಿನ ಬೇಸಿಗೆ, ಸಪೂರವೆಂದರೆ ಚಳಿಯ ಬೇಸಿಗೆ. ಮರಕ್ಕೆ ಯಾವುದು ಸಾಲದೋ ಅದರ ಲೆಕ್ಕ ಬಳೆಯಲ್ಲಿ ಬರುತ್ತದೆ. ಅಲ್ಲಿನ ಸರೋವರಗಳ ತಳದ ಕೆಸರಿನಲ್ಲಿ ಗಾಳಿಯಾಡದೆ ಉಳಿದ ಪೈನ್ ದಿಮ್ಮಿಗಳನ್ನು ಜೋಡಿಸಿ 7000 ವರ್ಷಕ್ಕೂ ಉದ್ದದ ದಾಖಲೆ ಕಟ್ಟಿದ್ದಾರೆ. ಅಲ್ಲೂ ಒಂದು ತೊಡಕಿದೆ: ಸುಮಾರು 1960ರ ನಂತರ ಉತ್ತರದ ಕೆಲವು ಕಡೆ ಬಿಸಿ ಏರಿದಷ್ಟು ಬಳೆ ದಪ್ಪವಾಗಿಲ್ಲ. ಕಾರಣದ ಬಗ್ಗೆ ಇನ್ನೂ ವಾದವಿದೆ.

ಹಾಗೆಂದು ಇದೆಲ್ಲ ಚಳಿದೇಶದ ವಿದ್ಯೆ, ನಮಗಲ್ಲ ಎನ್ನುವುದೂ ಸರಿಯಲ್ಲ. ಜಾವಾದ ಸಾಗುವಾನಿಯಲ್ಲಿ 1514ರಿಂದ 1929ರವರೆಗಿನ ಬಳೆಸರಣಿಯನ್ನು ಹವಾಮಾನ ವಿಜ್ಞಾನಿ ಬೆರ್ಲಾಹೆ 1931ರಲ್ಲೇ ಪ್ರಕಟಿಸಿದ್ದ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ಬೋರ್ಗಾಂವ್ಕರ್ ಮತ್ತು ಸಂಗಡಿಗರು ಕೇರಳದ ಸಾಗುವಾನಿಯಿಂದ 1481ರಿಂದ 2003ರವರೆಗಿನ 523 ವರ್ಷಗಳ ಸರಣಿ ಕಟ್ಟಿ 2010ರಲ್ಲಿ ಹೊರತಂದರು. ಮುಂಗಾರು ಸೋತ, ಎಲ್ ನಿನೊ ಬಂದ ವರ್ಷಗಳಲ್ಲಿ ಬಳೆ ಸಪೂರವಾಗುವ ಒಲವು ಅಲ್ಲಿ ಕಂಡಿತು. ಮೈಸೂರು ಸೀಮೆಯನ್ನು ಒಣಗಿಸಿದ 1876-78ರ ಧಾತು-ಈಶ್ವರ ಸಂವತ್ಸರಗಳ ಬರವೂ ಬಲವಾದ ಎಲ್ ನಿನೊ ಕಾಲದ್ದೇ.

ಗುರುವಾಯನಕೆರೆ ಪಕ್ಕದ ಬೆಳ್ತಂಗಡಿಯಂಥ ಊರಿಗೆ ಬಂದಾಗ ಮಾತ್ರ ಕೆಲಸ ಕಠಿಣ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವಲ್ಲಿ ಜುಲೈ ತಿಂಗಳು ಮರಕ್ಕೆ ನೀರು ಸಾಲಲಿಲ್ಲ ಎನ್ನುವುದು ಹೇಗೆ? ಮಳೆ ಹೆಚ್ಚಾದಷ್ಟೂ ಬಳೆ ದಪ್ಪ ಎಂಬ ಸರಳ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಮೋಡ ಕವಿದು ಬಿಸಿಲೇ ಸಿಗದಿದ್ದರೂ ಬೆಳವಣಿಗೆ ಕುಂಠಿತವಾಗಬಹುದು. ಹಾಗಾಗಿ ಮಳೆಗಾಲದ ಆರಂಭ, ಕೊನೆಯಲ್ಲಿ ಮಣ್ಣು ಎಷ್ಟು ದಿನ ತೇವ ಉಳಿಸಿಕೊಂಡಿತು ಎಂಬುದನ್ನೂ ನೋಡಬೇಕು. ಅಗಲದ ಜೊತೆಗೆ ಮರದಲ್ಲಿರುವ ಆಮ್ಲಜನಕದ ಐಸೋಟೋಪುಗಳನ್ನೂ ಅಳೆಯಬೇಕು.

ದಪ್ಪ ಮರವೆಲ್ಲ ಹಳೆಯದಲ್ಲ ಎಂಬುದನ್ನು ವಿವರಿಸಬೇಕಿಲ್ಲ, ರಸ್ತೆ ಬದಿಯ ಅಕೇಶಿಯಾ ನೋಡಿದವರಿಗೆ ಗೊತ್ತು. ಬಳೆ ಯಾವಾಗಲೂ ದಕ್ಷಿಣಕ್ಕೆ ದಪ್ಪ, ಕಾಡಿನಲ್ಲಿ ದಾರಿ ತಪ್ಪಿದರೆ ಬೊಡ್ಡೆ ನೋಡಿ ದಿಕ್ಕು ತಿಳಿಯಬಹುದು ಎಂಬ ಮಾತನ್ನು ಮಾತ್ರ ನಂಬಬೇಡಿ. ಗುಡ್ಡದ ಇಳಿಜಾರಿನಲ್ಲಿ ವಾಲಿದ ಮರ ತನ್ನನ್ನು ತಾನು ಎಳೆದು ನಿಲ್ಲಿಸಿಕೊಳ್ಳಲು ಒಂದು ಬದಿಗೆ ಹೆಚ್ಚು ಬೆಳೆಯುತ್ತದೆ. ಸಾಮಿಲ್ಲಿನ ಆ ದಿಮ್ಮಿಯ ತಿರುಳೂ ನಡುವಿನಲ್ಲಿರಲಿಲ್ಲ, ಒಂದು ಬದಿಗೆ ಸರಿದಿತ್ತು. ಗುಡ್ಡೆಯ ಮರವೇ ಎಂದು ಕೇಳಿದೆ. ಹೌದಂತೆ. ಅಷ್ಟರಲ್ಲಿ ಗರಗಸ ಶುರುವಾಯಿತು. ಆಚಾರ್ರ “ಮಳೆ ಬಾರದ ವರ್ಷ” ಹಲಗೆಯ ಉದ್ದಕ್ಕೂ ಕಪ್ಪು ಗೆರೆಯಾಗಿ ದಾರಂದಕ್ಕೆ ಹೋಯಿತು.