ಮೊಬೈಲು ಎಲ್ಲರ ಕೈಗೂ ಎಟುಕಲಿ

ಭೋಸರಿಯ ಎಂ.ಐ.ಡಿ.ಸಿ. ಕಾರ್ಖಾನೆಗಳಲ್ಲಿ ದುಡಿದ ನಮ್ಮ ಹಿರಿಯರನ್ನು ಒಮ್ಮೆ ಕೇಳಿ ನೋಡಿ: ಯಂತ್ರದ ಮೇಲಿನ ಆ ಕೆಂಪು ಗುಂಡಿ ಏಕೆ ಅಷ್ಟು ದೊಡ್ಡದು? ಅವರು ಥಟ್ಟನೆ ಉತ್ತರಿಸುತ್ತಾರೆ. ಅಪಾಯದ ಹೊತ್ತಿನಲ್ಲಿ ಹುಡುಕುತ್ತ ಕೂರದೆ, ಎಣ್ಣೆ ಮೆತ್ತಿದ ಅಂಗೈಯಿಂದಲೇ ಒತ್ತಿ ಯಂತ್ರ ನಿಲ್ಲಿಸಲು. ಅದನ್ನು ರಚಿಸಿದವರು ನಡೆಸುವವನ ಅವಸರ, ಆತಂಕಗಳನ್ನು ಮೊದಲೇ ಯೋಚಿಸಿದ್ದರು.

ಈ ಮಾತು ನೆನಪಾದದ್ದು ನಮ್ಮ ಮಾವನವರಿಂದ. ವಿಜಾಪುರ ಜಿಲ್ಲೆಯಿಂದ ಬಂದು ಮೂವತ್ತು ವರ್ಷ ಇಲ್ಲಿ ಲೇಥ್ ನಡೆಸಿದವರು. ಮೈಕ್ರೋಮೀಟರಿನಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಅಳೆದವರು. ಒಮ್ಮೆ ಮೊಬೈಲಿನಲ್ಲಿ, ಬ್ಯಾಂಕಿನ ಆ್ಯಪ್ ತೆರೆದು ಊರಿಗೆ ಹಣ ಕಳಿಸಲು ಕುಳಿತರು. ಬಿಳಿ ಪರದೆಯ ಮೇಲೆ ತಿಳಿಬೂದು ಅಕ್ಷರ. ಒಂದಕ್ಕೊಂದು ಅಂಟಿಕೊಂಡ ಪುಟ್ಟ ಗುಂಡಿಗಳು. ಒ.ಟಿ.ಪಿ. ನೋಡಿ ಬರೆಯುವಷ್ಟರಲ್ಲಿ ಸಮಯ ಮುಗಿದು, ಮತ್ತೆ ಮೊದಲಿನಿಂದ ಆರಂಭ! ಮೂರು ಸಲ ಹೀಗಾದ ಮೇಲೆ ನೆರೆಮನೆಯ ಹುಡುಗನ ಕೈಗೆ ಫೋನನ್ನೂ ಗುಪ್ತ ಸಂಖ್ಯೆಯನ್ನೂ ಕೊಟ್ಟುಬಿಟ್ಟರು. ನಾನು ಗಾಬರಿಯಿಂದ ಕೇಳಿದಾಗ ಅವರೆಂದದ್ದು ಇಷ್ಟೇ: “ಯವ್ವಾ, ನನಗ ಓದಾಕ ಬರ್ತದ. ಆದ್ರ ಕಾಣಬೇಕಲ್ಲ?”

ಹುಡುಗ ಒಳ್ಳೆಯವನು, ಹಣಕ್ಕೇನೂ ಆಗಲಿಲ್ಲ. ಆದರೆ ತಮ್ಮ ದುಡಿಮೆಯ ಹಣವನ್ನು ತಾವೇ ಕಳಿಸಲಾಗದ ಅವರ ಸಂಕೋಚ ನನ್ನನ್ನು ಕಾಡಿತು.

ತಪ್ಪು ಮಾವನವರದಲ್ಲ, ರಚನೆಯದು. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ೧೯೯೯ರಲ್ಲೇ ಪ್ರಕಟವಾಯಿತು. ಅದರ ಪರಿಷ್ಕೃತ ರೂಪಗಳ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ ೪.೫:೧ ಇರಬೇಕು. ಸಮಯದ ಮಿತಿಯಿದ್ದರೆ, ಸಾಧ್ಯವಿರುವಲ್ಲೆಲ್ಲ ಅದನ್ನು ವಿಸ್ತರಿಸಿಕೊಳ್ಳುವ ಅವಕಾಶ ಬೇಕು. ತಪ್ಪನ್ನು ಬರೀ ಕೆಂಪು ಬಣ್ಣದಿಂದ ತೋರಿಸಿದರೆ ಸಾಲದು, ಮಾತಿನಲ್ಲೂ ಹೇಳಬೇಕು. ಬಣ್ಣಗುರುಡು ಇರುವವರಿಗೆ ಕೆಂಪು, ಹಸಿರು ಒಂದೇ ಆಗಿ ಕಾಣಬಹುದು. ಚಿತ್ರಕ್ಕೂ ಗುಂಡಿಗೂ ಹೆಸರು ಬರೆದಿರಬೇಕು. ಆಗ ಮಾತ್ರ ಪರದೆಯನ್ನು ಓದಿ ಹೇಳುವ ತಂತ್ರಾಂಶ ಅಂಧರಿಗೆ ಅದನ್ನು ತಿಳಿಸಬಲ್ಲದು.

ಇಂಥ ತಂತ್ರಾಂಶಗಳ ಚರಿತ್ರೆಯಲ್ಲಿ ನಮ್ಮ ಪುಣೆಗೂ ಪಾಲಿದೆ. ೧೯೬೫ರಲ್ಲಿ ಇಲ್ಲಿ ಹುಟ್ಟಿದ ಟಿ. ವಿ. ರಾಮನ್ ಹದಿನಾಲ್ಕನೆಯ ವಯಸ್ಸಿನಲ್ಲಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡರು. ಮುಂದೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಗಣಿತದ ಬರಹವನ್ನು ಕಿವಿಯಿಂದ ಗ್ರಹಿಸುವ ವ್ಯವಸ್ಥೆ ರಚಿಸಿ ೧೯೯೪ರಲ್ಲಿ ಡಾಕ್ಟರೇಟ್ ಪಡೆದರು. ಬಳಸುವವನೇ ರಚಿಸುವವನಾದಾಗ ಏನು ಸಾಧ್ಯವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಇದು ದಯೆಯ ಮಾತೂ ಅಲ್ಲ, ಹಕ್ಕಿನ ಮಾತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಮಾಹಿತಿ ತಂತ್ರಜ್ಞಾನಕ್ಕೂ ಅನ್ವಯಿಸುತ್ತದೆ. ಆ್ಯಸಿಡ್ ದಾಳಿಯಿಂದ ಕಣ್ಣಿಗೆ ಹಾನಿಯಾದವರು ಕ್ಯಾಮೆರಾದ ಮುಂದೆ ರೆಪ್ಪೆ ಮಿಟುಕಿಸಲಾರದೆ ಬ್ಯಾಂಕಿನ ಗುರುತು ಪರೀಕ್ಷೆಯಲ್ಲಿ ತೊಡಕಿಗೆ ಸಿಲುಕುತ್ತಿದ್ದರು. ಅವರ ಮೊರೆ ಆಲಿಸಿದ ಸುಪ್ರೀಂ ಕೋರ್ಟು ೩೦ ಏಪ್ರಿಲ್ ೨೦೨೫ರಂದು, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿ ೨೦ ನಿರ್ದೇಶನಗಳನ್ನು ನೀಡಿತು.

ಹಾಗಾದರೆ ನಾವೇನು ಮಾಡಬಹುದು? ಮೊದಲು ನಮ್ಮ ಮನೆಯನ್ನೇ ನೋಡಿಕೊಳ್ಳೋಣ. ರಾಜ್ಯೋತ್ಸವದ ಆಮಂತ್ರಣವನ್ನು ನಾವು ಚೆಂದದ ಚಿತ್ರವಾಗಿ ವಾಟ್ಸಾಪಿನಲ್ಲಿ ಕಳಿಸುತ್ತೇವೆ. ಕಣ್ಣು ಕಾಣದ ಸದಸ್ಯರ ಫೋನು ಅದನ್ನು “ಚಿತ್ರ” ಎಂದಷ್ಟೇ ಹೇಳಿ ಸುಮ್ಮನಾಗಬಹುದು. ಅದೇ ವಿವರವನ್ನು ಕೆಳಗೆ ಯೂನಿಕೋಡ್ ಕನ್ನಡದಲ್ಲಿ ಬರೆದರೆ ದಿನ, ವೇಳೆ, ಸ್ಥಳ ಎಲ್ಲ ಅವರ ಕಿವಿಗೆ ತಲುಪುತ್ತದೆ. ಖರ್ಚೇನೂ ಇಲ್ಲ, ಎರಡು ನಿಮಿಷದ ಕೆಲಸ.

ಇನ್ನು ಹಿಂಜವಡಿಯ ಕಂಪನಿಗಳಲ್ಲಿ ಸಾಫ್ಟ್‌ವೇರ್ ಬರೆಯುವ ನಮ್ಮ ಮಕ್ಕಳಿಗೆ ಒಂದು ವಿನಂತಿ. ನೀವು ರಚಿಸಿದ್ದನ್ನು ಒಂದು ಭಾನುವಾರ ಮನೆಯ ಹಿರಿಯರ ಕೈಗೆ ಕೊಡಿ. ಹೇಳಿಕೊಡಬೇಡಿ, ಫೋನು ಕಸಿದುಕೊಳ್ಳಬೇಡಿ. ಸುಮ್ಮನೆ ಪಕ್ಕದಲ್ಲಿ ಕುಳಿತು ನೋಡಿ. ಅವರ ಬೆರಳು ಎಲ್ಲಿ ತಡವರಿಸುತ್ತದೆಯೋ ಅಲ್ಲಿ ನಿಮ್ಮ ಕೆಲಸ ಬಾಕಿಯಿದೆ ಎಂದು ತಿಳಿಯಿರಿ. ಎಣ್ಣೆ ಕೈಯವನಿಗಾಗಿ ಗುಂಡಿಯನ್ನು ದೊಡ್ಡದು ಮಾಡಿದವರ ವಿವೇಕ ಭೋಸರಿಯ ಮಕ್ಕಳಿಗೆ ಹೊಸದಾಗಿ ಕಲಿಸಬೇಕಾದದ್ದೇನಲ್ಲ.