ನಿಮಗಿದು ಗೊತ್ತೆ? ನಿಮ್ಮ ಕಣ್ಣಿನ ಜಿಗಿತ ನಿಮಗೇ ಕಾಣದು!

ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ನೋಡಿ. ಥಟ್ಟನೆ ಬಲಗಣ್ಣಿನತ್ತ ದೃಷ್ಟಿ ಹೊರಳಿಸಿ. ಎಷ್ಟು ಸಲ ಮಾಡಿದರೂ ಕಣ್ಣುಗುಡ್ಡೆ ಅಲುಗಿದ್ದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಮಾತ್ರ ಅದು ಸ್ಪಷ್ಟವಾಗಿ ಕಾಣುತ್ತದೆ. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನಿಮಗೂ ಕಂಡೀತು, ಏಕೆಂದರೆ ಪರದೆಗೆ ಚಿತ್ರ ತುಸು ತಡವಾಗಿ ಬರುತ್ತದೆ.

ಇದು ಮಿದುಳಿನ ಕೆಲಸ. ಸುತ್ತ ನೋಡುವಾಗ, ಓದುವಾಗ ಕಣ್ಣು ಸೆಕೆಂಡಿಗೆ ಸುಮಾರು 3 ಬಾರಿ ಹೀಗೆ ಜಿಗಿಯುತ್ತದೆ. ಜಿಗಿಯುವಾಗ ಅಕ್ಷಿಪಟಲದ ಮೇಲೆ ಬೀಳುವ ಚಿತ್ರ ಪೂರ್ತಿ ಕಲಸಿಹೋಗಿರುತ್ತದೆ. ಆ ಕಲಸು ಚಿತ್ರ ನಮ್ಮ ಅರಿವಿಗೆ ಬಾರದಂತೆ ಮಿದುಳು ಅದುಮಿಡುತ್ತದೆ. ಎಂಥ ಅದ್ಭುತ ವ್ಯವಸ್ಥೆ! ಇದಿಲ್ಲದಿದ್ದರೆ ಈ ಸಾಲನ್ನು ಓದುವಾಗಲೂ ಅಕ್ಷರಗಳು ಅತ್ತಿತ್ತ ಹಾರಾಡುತ್ತಿದ್ದವು.

ಗೋಡೆ ಗಡಿಯಾರದತ್ತ ಸರಕ್ಕನೆ ಕಣ್ಣು ಹಾಯಿಸಿದಾಗ ಸೆಕೆಂಡಿನ ಮುಳ್ಳು ಅರೆಗಳಿಗೆ ನಿಂತೇಬಿಟ್ಟಂತೆ ಅನಿಸಿದೆಯೆ? ಗಡಿಯಾರ ಕೆಟ್ಟಿಲ್ಲ. ಕಣ್ಣು ಜಿಗಿದ ಖಾಲಿ ಹೊತ್ತಿಗೆ, ಜಿಗಿತ ಮುಗಿದ ಮೇಲೆ ಕಂಡ ಚಿತ್ರವನ್ನೇ ಮಿದುಳು ಹಿಂದಕ್ಕೆಳೆದು ತುಂಬುತ್ತದೆ. ಹಾಗಾಗಿ ಮೊದಲ ಸೆಕೆಂಡು ಉಳಿದವುಗಳಿಗಿಂತ ಉದ್ದವಾಗಿ ತೋರುತ್ತದೆ.